ಮೊದಲ ಐದು ಸಾವಿರ ಎಲ್ಲಿ ಹಾಕಬೇಕು?

ಹೊರನಾಡಿನಲ್ಲಿ ದುಡಿಯುವ ಕನ್ನಡಿಗರ ಉಳಿತಾಯಕ್ಕೆ ಬಹುಕಾಲ ಮೂರೇ ದಾರಿಗಳಿದ್ದವು: ಬ್ಯಾಂಕಿನ ಎಫ್‌ಡಿ, ಊರಿನಲ್ಲೊಂದು ಸೈಟು, ಅಮ್ಮ ಹೇಳಿದಾಗ ಒಂದಿಷ್ಟು ಚಿನ್ನ. ಕೋವಿಡ್ ನಂತರ ನಾಲ್ಕನೆಯದೊಂದು ಸೇರಿಕೊಂಡಿದೆ. ಪುಣೆಯ ಹಿಂಜೆವಾಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಷೇರಿನ ಮಾತು ಬಾರದ ದಿನವಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಇದ್ದರೆ ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆರೆಯಬಹುದು. ಇದು ಒಳ್ಳೆಯ ಬೆಳವಣಿಗೆಯೇ. ಬೆಲೆಯೇರಿಕೆಯನ್ನು ಮೀರಿ ಹಣ ಬೆಳೆಯಬೇಕಾದರೆ ದೀರ್ಘಾವಧಿಯ ಉಳಿತಾಯದ ಒಂದು ಪಾಲು ಷೇರು ಪೇಟೆಗೆ ಹೋಗುವುದು ಒಳಿತು. ಆದರೆ ಹೂಡಿಕೆ ಸಿಗುವ ಆ್ಯಪ್‌ನಲ್ಲೇ ಜೂಜೂ ಸಿಗುತ್ತದೆ. ಹೊಸಬರು ಎಡವುತ್ತಿರುವುದು ಅಲ್ಲಿ.

ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿದೆ. 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ವಹಿವಾಟಿನ ವೆಚ್ಚವೂ ಸೇರಿ ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಎರಡು ಲಕ್ಷವೆಂದರೆ ಊರಿನ ಮನೆಯ ಸೂರು ರಿಪೇರಿಯ ಹಣ, ತಂಗಿಯ ಕಾಲೇಜಿನ ಫೀಸು. ಅದೇ ವರ್ಷ ಜುಲೈನಲ್ಲಿ ಬಂದ ಸೆಬಿಯ ಇನ್ನೊಂದು ಅಧ್ಯಯನದ ಪ್ರಕಾರ, ಅದೇ ದಿನ ಕೊಂಡು ಅದೇ ದಿನ ಮಾರುವವರಲ್ಲಿ ಹತ್ತಕ್ಕೆ ಏಳು ಮಂದಿ 2022–23ರಲ್ಲಿ ನಷ್ಟ ಅನುಭವಿಸಿದ್ದಾರೆ. ಇಷ್ಟು ತಿಳಿದ ಮೇಲೂ ಮೊದಲ ಸಂಬಳದ ಉಳಿತಾಯವನ್ನು ಆಪ್ಷನ್ಸ್‌ಗೆ ಸುರಿಯುವುದಕ್ಕೆ ಹೂಡಿಕೆ ಎಂಬ ಹೆಸರು ಸಲ್ಲದು.

ಹಾಗೆಂದು ಪೇಟೆಗೇ ಹೆದರಬೇಕಿಲ್ಲ. ಭವಿಷ್ಯ ನಿಧಿ ಇರುವ ಉದ್ಯೋಗಿಗಳು ಈಗಾಗಲೇ ಪೇಟೆಯೊಳಗಿದ್ದಾರೆ. 2015ರಿಂದ ಇಪಿಎಫ್‌ಒ ಹೊಸ ಜಮೆಯ ಒಂದು ಪಾಲನ್ನು ಇಟಿಎಫ್‌ಗಳ ಮೂಲಕ ಷೇರುಗಳಲ್ಲಿ ಹಾಕುತ್ತಿದೆ. ಶೇ 5ರಿಂದ ಆರಂಭವಾದ ಮಿತಿ ಶೇ 15ಕ್ಕೆ ಏರಿತು. ಗಮನಿಸಿ, ಕೋಟ್ಯಂತರ ಕಾರ್ಮಿಕರ ಹಣ ನೋಡಿಕೊಳ್ಳುವ ಸಂಸ್ಥೆ ಯಾವ ಷೇರು ನಾಳೆ ಏರುತ್ತದೆ ಎಂದು ಊಹಿಸಲು ಹೋಗುವುದಿಲ್ಲ. ಮುಖ್ಯವಾಗಿ ನಿಫ್ಟಿ, ಸೆನ್ಸೆಕ್ಸ್ ಸೂಚ್ಯಂಕಗಳನ್ನೇ ಕೊಂಡು ಸುಮ್ಮನಿರುತ್ತದೆ. ಸಣ್ಣ ಉಳಿತಾಯಗಾರನಿಗೂ ಇದೇ ಸರಿಯಾದ ಮಾದರಿ.

ನಿಫ್ಟಿ 50 ಇಂಡೆಕ್ಸ್ ಫಂಡ್ ಎಂದರೆ ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಒಂದೊಂದು ಚೂರು. ವರ್ಷಕ್ಕೆ ಎರಡು ಬಾರಿ ಪಟ್ಟಿಯ ಪರಿಷ್ಕರಣೆ ನಡೆಯುತ್ತದೆ. ಕುಗ್ಗಿದ ಕಂಪನಿ ಹೊರಹೋಗಿ, ಬೆಳೆದದ್ದು ಒಳಬರುತ್ತದೆ. 1993ರಲ್ಲಿ 95 ರೂಪಾಯಿಗೆ ಸಿಕ್ಕ ಇನ್ಫೊಸಿಸ್ ಷೇರಿನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಕಾಲದಲ್ಲಿ ಷೇರು ಮಾರಿ ಆಮೇಲೆ ಹೇಳಹೆಸರಿಲ್ಲದೆ ಹೋದ ಕಂಪನಿಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಹೈದರಾಬಾದಿನ ಸತ್ಯಂ ಕೂಡ ನಿಫ್ಟಿಯಲ್ಲಿತ್ತು. 2009ರ ಜನವರಿಯಲ್ಲಿ ಲೆಕ್ಕಪತ್ರದ ವಂಚನೆ ಹೊರಬಿದ್ದ ದಿನ ಅದರ ಬೆಲೆಯ ಮುಕ್ಕಾಲು ಪಾಲು ಕರಗಿತು. ಇಂಡೆಕ್ಸ್ ಫಂಡ್ ಇದ್ದವರಿಗೆ ಅದು ಗೀರು. ಸತ್ಯಂ ಒಂದನ್ನೇ ನಂಬಿದವರಿಗೆ ಬರಸಿಡಿಲು. ಐಟಿ ಉದ್ಯೋಗಿಗಳಿಗೆ ಇಲ್ಲಿ ಇನ್ನೊಂದು ಪಾಠವಿದೆ. ಸಂಬಳವೂ ಉಳಿತಾಯವೂ ಒಂದೇ ಕಂಪನಿಯ ಮೇಲೆ ನಿಂತಿರಬಾರದು. ಕಂಪನಿ ಕೊಟ್ಟ ಷೇರುಗಳನ್ನು ಆಗಾಗ ಒಂದಿಷ್ಟು ಮಾರಿ ಬೇರೆಡೆ ಹಾಕುವುದು ದ್ರೋಹವಲ್ಲ, ಎಚ್ಚರಿಕೆ.

ಮೊದಲ ಕಂತಿಗೆ ಮುಂಚೆ ಮೂರು ಕೆಲಸ ಮುಗಿದಿರಬೇಕು. ಕ್ರೆಡಿಟ್ ಕಾರ್ಡಿನ ಬಾಕಿ, ವೈಯಕ್ತಿಕ ಸಾಲ ತೀರಿರಬೇಕು. ಕಾರ್ಡಿನ ಬಡ್ಡಿಗಿಂತ ಹೆಚ್ಚನ್ನು ವರ್ಷ ವರ್ಷವೂ ತಪ್ಪದೆ ತರುವ ಹೂಡಿಕೆ ಇಲ್ಲ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುವುದರಿಂದ ಸ್ವಂತ ಆರೋಗ್ಯ ವಿಮೆ, ಅವಲಂಬಿತರಿದ್ದರೆ ಟರ್ಮ್ ವಿಮೆ ಇರಬೇಕು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಬೇಕು. ಪರಊರಿನಲ್ಲಿರುವ ನಮಗೆ ಈ ಮೂರನೆಯದು ಇನ್ನೂ ಮುಖ್ಯ. ರಾತ್ರಿ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕೇಳಿದರೆ ಕೈಗಡ ಕೊಡಲು ಪಕ್ಕದ ಬೀದಿಯಲ್ಲಿ ಚಿಕ್ಕಪ್ಪ ಇರುವುದಿಲ್ಲ. ಅಪ್ಪನಿಗೆ ಹುಷಾರಿಲ್ಲವೆಂದು ಫೋನ್ ಬಂದಾಗ ಚೆನ್ನೈನಿಂದ ಕಲಬುರಗಿಗೆ ಹೊರಡಲೂ ಹಣ ಬೇಕು. ಆ ಹಣ ಪೇಟೆಯಲ್ಲಿದ್ದರೆ ಬಿದ್ದ ಬೆಲೆಗೆ ಮಾರಬೇಕಾಗಿ ಬರಬಹುದು.

ಬೆಲೆ ಬೀಳುವುದಂತೂ ಖಚಿತ. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9 ಸಾವಿರಕ್ಕಿಂತ ಕೆಳಗಿಳಿಯಿತು. ಆ ಎತ್ತರವನ್ನು ಗಟ್ಟಿಯಾಗಿ ದಾಟಲು 2013ರ ಕೊನೆಯವರೆಗೆ ಕಾಯಬೇಕಾಯಿತು. 2020ರ ಮಾರ್ಚ್‌ನಲ್ಲಿ 26 ಸಾವಿರಕ್ಕೆ ಕುಸಿದದ್ದು ನವೆಂಬರಿನ ಹೊತ್ತಿಗೇ ಹಳೆಯ ಮಟ್ಟಕ್ಕೆ ಮರಳಿತು. ಯಾವ ಕುಸಿತ ಆರು ವರ್ಷದ್ದು, ಯಾವುದು ಎಂಟು ತಿಂಗಳದ್ದು ಎಂದು ಮುಂಚೆಯೇ ಹೇಳಬಲ್ಲವರಿಲ್ಲ. ಆದ್ದರಿಂದ ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನಷ್ಟೇ ಹಾಕಿ. ಮುಂದಿನ ವರ್ಷ ತಂಗಿಯ ಮದುವೆ ಇದ್ದರೆ ಆ ಹಣಕ್ಕೆ ಎಫ್‌ಡಿಯೇ ಸರಿ.

ಐದು ಸಾವಿರವಾದರೆ ಐದು, ಐನೂರಾದರೆ ಐನೂರು. ಸಂಬಳ ಬಂದ ಮರುದಿನವೇ ಕಡಿತವಾಗುವಂತೆ ಎಸ್‌ಐಪಿ ಇಡಿ. ಡೈರೆಕ್ಟ್ ಪ್ಲಾನ್ ಆಯ್ದುಕೊಳ್ಳಿ. ಅದರಲ್ಲಿ ಏಜೆಂಟರ ಕಮಿಷನ್ ಇಲ್ಲ. ತಿಂಗಳಿಗೆ 5,000ದಂತೆ 20 ವರ್ಷ ಹಾಕಿದರೆ ನಿಮ್ಮ ಕೈಯಿಂದ ಹೋಗುವುದು 12 ಲಕ್ಷ. ವರ್ಷಕ್ಕೆ ಶೇ 10ರ ಬೆಳವಣಿಗೆ ಎಂದು ಹಿಡಿದರೆ ಅದು ಸುಮಾರು 38 ಲಕ್ಷ. ವೆಚ್ಚದಲ್ಲಿ ಶೇ 1 ಹೋಗಿ ಶೇ 9 ಉಳಿದರೆ ಸುಮಾರು 33.4 ಲಕ್ಷ. ಇದು ಬರೀ ಲೆಕ್ಕ, ಭರವಸೆಯಲ್ಲ. ಆದರೆ ಒಂದೇ ಒಂದು ಶೇಕಡಾ ನಾಲ್ಕೂವರೆ ಲಕ್ಷ ನುಂಗುತ್ತದೆ ಎಂಬುದನ್ನು ನೆನಪಿಡಿ.

ಇನ್ನೊಂದು ಅಪಾಯ ಕನ್ನಡದಲ್ಲೇ ಮಾತಾಡುತ್ತಾ ಬರುತ್ತದೆ. ಪರಊರಿನಲ್ಲಿ ನಮ್ಮ ಭಾಷೆ ಕೇಳಿದರೆ ಮನಸ್ಸು ಬೇಗ ನಂಬುತ್ತದೆ. ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ‘ನಮ್ಮೋರು’ ಎಂದು ಬಂದು ಖಚಿತ ಲಾಭದ ಮಾತಾಡುವವರಿಗೆ ಈ ನಂಬಿಕೆಯೇ ಬಂಡವಾಳ. ಷೇರಿನಲ್ಲಿ ಖಚಿತ ಲಾಭ ಎಂದವನು ಯಾವ ಊರಿನವನಾದರೂ ದೂರವಿಡಿ. ಸಲಹೆಗಾರರ ನೋಂದಣಿಯನ್ನು ಸೆಬಿಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ವ್ಯಕ್ತಿಯೊಬ್ಬರ ಬ್ಯಾಂಕ್ ಖಾತೆಗೆ ‘ಹೂಡಿಕೆ’ ಕಳಿಸಬೇಡಿ. ಮೋಸ ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ, ಮನೆಯವರಿಗೆ ತಿಳಿಸಿ. ಊರಿಂದೂರಿಗೆ ಕೆಲಸ ಬದಲಿಸುವ ನಮ್ಮ ವಿಳಾಸ ಬದಲಾಗುತ್ತದೆ, ಮೊಬೈಲ್ ನಂಬರೂ ಬದಲಾಗುತ್ತದೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದೆ ಬಿಟ್ಟ ಷೇರುಗಳು ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ವಾಪಸು ಪಡೆಯಬಹುದು, ಆದರೆ ಅಲೆದಾಟ ತಪ್ಪದು. ಪ್ರತಿ ಖಾತೆಗೂ ನಾಮಿನಿ ಹಾಕಿ. ಯಾವ ಫಂಡು, ಯಾವ ಖಾತೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಹೆಂಡತಿಗೋ ಗಂಡನಿಗೋ ಅಪ್ಪ ಅಮ್ಮನಿಗೋ ಕೊಡಿ. ನಮ್ಮ ಕನ್ನಡ ಸಂಘಗಳೂ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇದಕ್ಕೊಂದು ಗಂಟೆ ಕೊಡಲಿ, ಯಾವ ಏಜೆಂಟರ ಪ್ರಾಯೋಜಕತ್ವವೂ ಇಲ್ಲದೆ. ಮೊದಲ ಕೆಲಸಕ್ಕೆಂದು ಈಗಷ್ಟೇ ಊರು ಬಿಟ್ಟು ಬಂದ ಹುಡುಗ ಹುಡುಗಿಯರು ಮೊದಲು ಕೇಳಬೇಕಾದದ್ದು ಈ ಮಾತನ್ನು, ಆಪ್ಷನ್ಸ್ ಟಿಪ್ಸ್ ಅನ್ನಲ್ಲ.