ನಂಬರಿನಲ್ಲಿ ಸಿಗದ ನಾದ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ನಡುವೆ ಈಗ ಹೆಚ್ಚು ಕಡಿಮೆ ಎಲ್ಲರೂ ಒಪ್ಪಿರುವ ಒಂದು ಸಲಹೆ ಇದೆ. ಹೊಸ ಗಿಟಾರಿನ ದನಿ ಗಡುಸಾಗಿದೆಯೇ, ಕಿವಿಗೆ ಚುಚ್ಚುತ್ತಿದೆಯೇ? ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಬಿಚ್ಚಿ, ಒಳಗಿನ ಅಯಸ್ಕಾಂತ ಬದಲಿಸಿ. ಸಿರಾಮಿಕ್ ಇದ್ದರೆ ಆಲ್ನಿಕೊ ಹಾಕಿ, ಆಲ್ನಿಕೊ 5 ಇದ್ದರೆ 2 ಹಾಕಿ, ಇನ್ನೂ ಹಳತು ಬೇಕೆಂದರೆ 3 ಅಥವಾ 4. ಹೊಸ ಪಿಕಪ್ಪಿನ ಬೆಲೆಯ ಸಣ್ಣ ಪಾಲಿನಲ್ಲಿ 1950ರ ದಶಕದ ನಾದ ಕೈಗೆ ಬರುತ್ತದೆ ಎಂಬುದು ಭರವಸೆ. ಈ ಮಾತು ಹೇಳುವವರು ಮೋಸಗಾರರಲ್ಲ. ಎಷ್ಟೋ ಜನ ಕೈಯಾರೆ ಮಾಡಿ, ಕಿವಿಯಾರೆ ಕೇಳಿ ಹೇಳುತ್ತಿರುವವರು. ಆದರೂ ಅವರ ತೀರ್ಮಾನದ ಬಗ್ಗೆ ನನ್ನದೊಂದು ವಿನಯದ ತಕರಾರಿದೆ. ಅಯಸ್ಕಾಂತ ಬದಲಿಸಿದರೆ ದನಿ ಬದಲಾಗುತ್ತದೆ, ನಿಜ. ಹಾಗೆ ಬದಲಾದ ದನಿ 'ಹಳೆಯದು' ಎನ್ನುವುದಕ್ಕೆ ಇತಿಹಾಸದ ಬೆಂಬಲವೂ ಇಲ್ಲ, ಭೌತಶಾಸ್ತ್ರದ ಬೆಂಬಲವೂ ಇಲ್ಲ.

ಮೊದಲು ಅವರ ಪರವಾದ ಮಾತು. ಹಂಬಕರ್ ಪಿಕಪ್ಪಿನಲ್ಲಿ ಎರಡು ಸುರುಳಿಗಳು, ಅವುಗಳ ಕೆಳಗೆ ಸುಮಾರು ಎರಡೂವರೆ ಇಂಚು ಉದ್ದದ ಪಟ್ಟಿ ಅಯಸ್ಕಾಂತ. ಅದರ ಬಲ ಉಕ್ಕಿನ ತಿರುಪು ಮತ್ತು ಗುಂಡುಗಳ ಮೂಲಕ ಮೇಲೇರಿ ತಂತಿಗಳನ್ನೇ ಅಯಸ್ಕಾಂತವಾಗಿಸುತ್ತದೆ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹಾಗಾಗಿ ಅಯಸ್ಕಾಂತದ ಬಲ ಕುಗ್ಗಿದರೆ ದನಿಯ ಬಲವೂ ಕುಗ್ಗುತ್ತದೆ. ಆಲ್ನಿಕೊ ವಿದ್ಯುತ್ ಹರಿಯಗೊಡುವ ಲೋಹ, ಸಿರಾಮಿಕ್ ಹರಿಯಗೊಡದು. ಒಂದರ ಬದಲು ಇನ್ನೊಂದು ಹಾಕಿದರೆ ಸುರುಳಿಯ ಇಂಡಕ್ಟೆನ್ಸ್ ತುಸು ಆಚೀಚೆ ಆಗುತ್ತದೆ. ಕೆಲಸವೂ ಕಷ್ಟದ್ದಲ್ಲ. ತಳದ ನಾಲ್ಕು ತಿರುಪು ಸಡಿಲಿಸಿ ಹಳೆಯದನ್ನು ಜಾರಿಸಿ ತೆಗೆದು, ಹೊಸದನ್ನು ಅದೇ ದಿಕ್ಕಿಗೆ ತೂರಿಸಿದರಾಯಿತು. ಬೇಡವೆನಿಸಿದರೆ ಮತ್ತೆ ಮೊದಲಿನಂತೆ ಮಾಡಬಹುದು. ಅಗ್ಗದ, ಹಿಂದಿರುಗಿಸಬಹುದಾದ, ನಿಜವಾಗಿಯೂ ಏನನ್ನೋ ಬದಲಿಸುವ ಪ್ರಯೋಗ ಇದು. ನನ್ನ ಆಕ್ಷೇಪ ಪ್ರಯೋಗದ ಮೇಲಲ್ಲ, ಅದಕ್ಕೆ ಅಂಟಿಸುವ ಇಸವಿಯ ಮೇಲೆ.

ಆ ಇಸವಿಗಳಲ್ಲಿ ನಡೆದದ್ದೇನು? ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಲಮಜೂನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಈ ಹಂಬಕರ್‌ಗಾಗಿ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1959ರಲ್ಲಿ ಅದು ಮಂಜೂರಾಯಿತು. 'ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿದೆ' ಎಂಬ ಚೀಟಿ ಅಂಟಿಸಿದ ಆ ಕಾಲದ ಪಿಕಪ್‌ಗಳೇ ಇಂದು ಪಿಎಎಫ್ (ಪೇಟೆಂಟ್ ಅಪ್ಲೈಡ್ ಫಾರ್) ಎಂದು ಪೂಜೆಗೊಳ್ಳುತ್ತಿರುವವು. ಅವುಗಳೊಳಗೆ ಯಾವ ಆಲ್ನಿಕೊ ಇತ್ತು? 2 ಇತ್ತು, 3 ಇತ್ತು, 4 ಇತ್ತು, 5 ಕೂಡ ಇತ್ತು. ಆ ಹೊತ್ತಿಗೆ ಸಿಕ್ಕಿದ್ದನ್ನು ಹಾಕುತ್ತಿದ್ದೆವು ಎಂಬ ಅರ್ಥದ ಮಾತನ್ನು ಲವರ್ ಅವರೇ ಮುಂದೆ ಹೇಳಿದ್ದಾರೆ. 1961ರ ಸುಮಾರಿಗೆ ಪಟ್ಟಿಯ ಉದ್ದವೂ ಕಿರಿದಾಯಿತು. ಸುರುಳಿಗೆ ಸುತ್ತಿದ ವೈರು ಒಂದೇ ಬಗೆಯದಾದರೂ ಸುತ್ತುಗಳು ಒಂದೊಂದರಲ್ಲಿ ಒಂದೊಂದು ಲೆಕ್ಕ. ಅಳೆದರೆ ಒಂದರ ರೋಧ 7 ಕಿಲೋ ಓಮ್, ಇನ್ನೊಂದರದು 9ರ ಹತ್ತಿರ. ಒಂದೇ ಪಿಕಪ್ಪಿನ ಎರಡು ಸುರುಳಿಗಳೂ ಪರಸ್ಪರ ಸಮವಿರುತ್ತಿರಲಿಲ್ಲ. ಕಪ್ಪು ಬಾಬಿನ್ ಸಾಲದೆ ಬಂದಾಗ ಕೆನೆ ಬಣ್ಣದ್ದು ಹಾಕಿದರು. ಆ ಕೊರತೆಯ ಗುರುತಿಗೇ ಇಂದು ಹೆಚ್ಚಿನ ಬೆಲೆ.

ಹೀಗಿರುವಾಗ 'ಪಿಎಎಫ್ ನಾದಕ್ಕೆ ಆಲ್ನಿಕೊ 2' ಎನ್ನುವುದು ಯಾವ ಪಿಎಎಫ್ ಕುರಿತ ಮಾತು? ಪಿಎಎಫ್ ಕೂರಿಸಿದ್ದ 1959ರ ಎರಡು ಗಿಬ್ಸನ್ ಲೆಸ್ ಪಾಲ್ ಗಿಟಾರುಗಳು ಒಂದರಂತೆ ಇನ್ನೊಂದು ನುಡಿಯುವುದಿಲ್ಲ ಎಂದು ಎರಡನ್ನೂ ನುಡಿಸಿದವರೇ ಹೇಳುತ್ತಾರೆ. ಹಳೆಯ ನಾದ ಎಂಬುದು ಒಂದು ಬಿಂದುವಲ್ಲ, ಅಗಲವಾದ ಹರವು. ಆ ಹರವಿನಲ್ಲಿ ನಿಮ್ಮ ಈಗಿನ ಪಿಕಪ್ಪೂ ಎಲ್ಲೋ ಒಂದು ಕಡೆ ಆಗಲೇ ಕೂತಿರಬಹುದು.

ಇನ್ನು ನಂಬರಿನ ವಿಷಯ. 2, 3, 4, 5 ಎಂದಾಗ ಬಲ ಕ್ರಮವಾಗಿ ಏರುತ್ತದೆ ಎಂದು ಕೇಳಿದವರಿಗೆ ಅನಿಸುವುದು ಸಹಜ. ಅವು ಮಿಶ್ರಲೋಹದ ಹೆಸರುಗಳೇ ಹೊರತು ಬಲದ ಮೆಟ್ಟಿಲುಗಳಲ್ಲ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ್ದರಿಂದ ಆಲ್ನಿಕೊ ಎಂಬ ಹೆಸರು ಬಂತು, ಆದರೆ 3ರಲ್ಲಿ ಕೋಬಾಲ್ಟೇ ಇಲ್ಲ. ತಯಾರಕರ ಕೋಷ್ಟಕಗಳಲ್ಲಿ ಮುದ್ರಿಸುವ ಉಳಿಕೆ ಬಲ ನೋಡಿ: 2ಕ್ಕೆ ಸುಮಾರು 7500 ಗಾಸ್, 3ಕ್ಕೆ 7000, 4ಕ್ಕೆ 5600ರ ಆಸುಪಾಸು, 5ಕ್ಕೆ 12,800ರ ಹತ್ತಿರ. ಹಾಗಾದರೆ 4 ಎಲ್ಲಕ್ಕಿಂತ ದುರ್ಬಲವೇ? ಅದೂ ಅಲ್ಲ. ಈ ಅಂಕಿಗಳು ಉಕ್ಕಿನಿಂದ ಸುತ್ತುಗಟ್ಟಿದ ಅಯಸ್ಕಾಂತಕ್ಕೆ ಸಲ್ಲುವಂಥವು. ಹಂಬಕರ್ ಪಟ್ಟಿಯಲ್ಲಿ ಉತ್ತರ ಮತ್ತು ದಕ್ಷಿಣ ಧ್ರುವಗಳು ಅದರ ಎರಡು ಉದ್ದನೆಯ ಅಂಚುಗಳಲ್ಲಿವೆ, ನಡುವಿನ ಅಂತರ ಅರ್ಧ ಇಂಚಿನಷ್ಟೇ. ಇಷ್ಟು ಹತ್ತಿರದ ಧ್ರುವಗಳು ತಮ್ಮ ಬಲವನ್ನು ತಾವೇ ತಿನ್ನುತ್ತವೆ. ಆಗ ಆ ಸವೆತವನ್ನು ತಡೆದುಕೊಳ್ಳುವ ಗುಣ ಮುಖ್ಯವಾಗುತ್ತದೆ, ಅದರಲ್ಲಿ 4ನೆಯದು 2 ಮತ್ತು 3ಕ್ಕಿಂತ ಮುಂದು. ಜೊತೆಗೆ ತಯಾರಕರು ಎಷ್ಟು ತುಂಬಿಸಿ ಕಳಿಸಿದ್ದಾರೆ ಎಂಬುದೂ ಇದೆ. ಪೂರ್ತಿ ತುಂಬಿಸದ ಒಂದು 5, ಪೂರ್ತಿ ತುಂಬಿಸಿದ 2ರ ಹತ್ತಿರಕ್ಕೆ ಬಂದು ನಿಲ್ಲಬಹುದು. ನಂಬರು ನೋಡಿ ನಾದ ಊಹಿಸುವುದು ಅಪಾಯದ ಲೆಕ್ಕ.

ನಾದದ ಬಣ್ಣ ಅಯಸ್ಕಾಂತಕ್ಕಿಂತ ಹೆಚ್ಚಾಗಿ ಎಲ್ಲಿ ನಿರ್ಧಾರವಾಗುತ್ತದೆ? ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪ್ಯಾಸಿಟೆನ್ಸ್ ಸೇರಿ ಒಂದು ಅನುರಣನ ಶೃಂಗ ಕಟ್ಟುತ್ತವೆ. ಆ ಶೃಂಗದವರೆಗೆ ಸ್ವರಗಳು ಉಬ್ಬುತ್ತವೆ, ಅದರಾಚೆ ಕುಸಿಯುತ್ತವೆ. ಪಿಕಪ್ಪಿಗೆ 4 ಹೆನ್ರಿ, ಸುರುಳಿಯದೇ ಆದ 100 ಪಿಕೋಫ್ಯಾರಡ್, ಕೇಬಲ್ಲಿಗೆ ಮೀಟರಿಗೆ 100 ಪಿಕೋಫ್ಯಾರಡ್ ಎಂದು ಹಿಡಿಯಿರಿ. 3 ಮೀಟರ್ ಕೇಬಲ್ಲಿಗೆ ಶೃಂಗ 4000 ಹರ್ಟ್ಜ್ ಬಳಿ ನಿಲ್ಲುತ್ತದೆ, 6 ಮೀಟರಿಗೆ 3000ಕ್ಕೆ ಇಳಿಯುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೇ ಈ ಪ್ರದೇಶದಲ್ಲಿ. ಉದ್ದದ ಕೇಬಲ್ಲು ತಂದುಕೊಡುವ ಈ ಇಳಿತವನ್ನು ಒಂದು ಆಲ್ನಿಕೊ ತೆಗೆದು ಇನ್ನೊಂದು ಆಲ್ನಿಕೊ ಹಾಕಿ ತರಲಾಗದು.

ಇದಕ್ಕಿಂತ ಸುಲಭದ್ದು ಪಿಕಪ್ಪಿನ ಎತ್ತರ. ಅಯಸ್ಕಾಂತದ ಪ್ರಭಾವ ದೂರದೊಂದಿಗೆ ಬೇಗ ಕ್ಷೀಣಿಸುವುದರಿಂದ, ಪಕ್ಕದ ಎರಡು ತಿರುಪು ತಿರುಗಿಸಿ ಪಿಕಪ್ಪನ್ನು ಒಂದು ಮಿಲಿಮೀಟರ್ ಇಳಿಸಿದರೂ ದನಿಯ ಬಲ ತಗ್ಗುತ್ತದೆ, ಮೀಟಿದ ತಕ್ಷಣದ ಪೆಟ್ಟು ಮೆದುವಾಗುತ್ತದೆ. ಆಲ್ನಿಕೊ 2ಕ್ಕೆ ಹೇಳುವ ಹೊಗಳಿಕೆಯೂ ಬಹುಪಾಲು ಇದೇ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟು ಸರಿಸಿ ಜೀವ ತರಿಸುವ ನಮ್ಮ ಸಂಗೀತಗಾರರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

'ಆದರೆ ನಾನು ಬದಲಿಸಿದಾಗ ಭಾರಿ ವ್ಯತ್ಯಾಸ ಕೇಳಿಸಿತಲ್ಲ?' ಎಂಬ ಪ್ರಶ್ನೆ ನ್ಯಾಯವಾದದ್ದು. ಅಯಸ್ಕಾಂತ ಬದಲಿಸಲು ತಂತಿ ಸಡಿಲಿಸಬೇಕು, ಪಿಕಪ್ ಹೊರಗೆ ತೆಗೆಯಬೇಕು, ಮತ್ತೆ ಕೂರಿಸಬೇಕು. ಆಗ ಎತ್ತರ ಮೊದಲಿನಂತೆಯೇ ಇರುವುದು ಅಪರೂಪ. ಬಿಚ್ಚಿದ್ದೇ ಆಯಿತಲ್ಲ ಎಂದು ಹೊಸ ತಂತಿಯನ್ನೂ ಹಾಕುತ್ತೇವೆ. ಮೂರು ಬದಲಾವಣೆ ಒಟ್ಟಿಗೆ ಮಾಡಿ ಕೀರ್ತಿಯನ್ನೆಲ್ಲ ಒಂದಕ್ಕೇ ಕೊಡುತ್ತೇವೆ. ಇದರ ಮೇಲೆ ನಿರೀಕ್ಷೆಯ ಕೆಲಸ ಬೇರೆ. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕಿ ಕ್ಲೌಡಿಯಾ ಫ್ರಿಟ್ಜ್, ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 21 ಪಿಟೀಲುವಾದಕರಿಗೆ ಕಣ್ಣು ಕಾಣದಂಥ ಕನ್ನಡಕ ತೊಡಿಸಿ, ಸ್ಟ್ರಾಡಿವೇರಿಯಸ್ ಸೇರಿದಂತೆ ಮೂರು ಹಳೆಯ ಮತ್ತು ಮೂರು ಹೊಸ ಪಿಟೀಲುಗಳನ್ನು ಕೊಟ್ಟು ನೋಡಿದರು. ಹೆಚ್ಚಿನವರು ಮನೆಗೊಯ್ಯಲು ಮೆಚ್ಚಿದ್ದು ಹೊಸದನ್ನು. ಜೀವಮಾನವಿಡೀ ನುಡಿಸಿದವರ ಕಿವಿಗೇ ಹೀಗಾದರೆ, ಅರ್ಧ ಗಂಟೆಯ ಹಿಂದೆ ಕೇಳಿದ ಗಿಟಾರಿನ ನೆನಪನ್ನು ನಾವು ಎಷ್ಟು ನಂಬಬಹುದು?

ನಾವು ಹಳೆಯ ನಾದವೆಂದು ಮೋಹಿಸುವುದು ಬಹುತೇಕ ಧ್ವನಿಮುದ್ರಿಕೆಗಳಿಂದ ಬಂದದ್ದು. 1966ರಲ್ಲಿ ಜಾನ್ ಮೇಯಲ್ ತಂಡದ ತಟ್ಟೆಗಾಗಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಲಂಡನ್ನಿನ ಸ್ಟುಡಿಯೋದಲ್ಲಿ ಮಾರ್ಷಲ್ ಆಂಪ್ಲಿಫೈಯರ್ ಜೋರಾಗಿ ತಿರುಗಿಸಿ ನುಡಿಸಿದರು. ದಣಿದ ವಾಲ್ವುಗಳು, ಬಳಲಿದ ಸ್ಪೀಕರ್, ದೂರದ ಮೈಕು, ಟೇಪು ಎಲ್ಲ ಸೇರಿ ಆ ನಾದ ಹುಟ್ಟಿತು. ಅವರು ಅಲ್ಲಿ ನುಡಿಸಿದ ಲೆಸ್ ಪಾಲ್ ಅದೇ ವರ್ಷ ಕಳುವಾಯಿತು. ಅದರ ಹೊಟ್ಟೆಯಲ್ಲಿದ್ದ ಅಯಸ್ಕಾಂತ ಯಾವುದೆಂದು ಗೊತ್ತಿಲ್ಲದೆಯೇ ಆ ನಾದದ ಹೆಸರಲ್ಲಿ ಪಿಕಪ್‌ಗಳು ಮಾರಾಟವಾಗುತ್ತಿವೆ.

ನನ್ನ ವಾದಕ್ಕೆ ವಿರುದ್ಧವಾಗಿ ನಿಲ್ಲುವ ಪ್ರಬಲ ಉದಾಹರಣೆ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್. ಅದರ ಕತ್ತಿನ ಪಿಕಪ್ಪಿನಲ್ಲಿ ಅಯಸ್ಕಾಂತ ತಿರುಗುಮುರುಗಾಗಿ ಕೂತಿತ್ತು. ಎರಡೂ ಪಿಕಪ್ ಒಟ್ಟಿಗೆ ನುಡಿದಾಗ ಒಂದರ ಅಲೆ ಇನ್ನೊಂದನ್ನು ಕಳೆದು, ಮೂಗಿನಿಂದ ಬಂದಂಥ ಟೊಳ್ಳು ನಾದ ಹೊಮ್ಮುತ್ತಿತ್ತು. ಮುಂದೆ ಗ್ಯಾರಿ ಮೂರ್, ಆಮೇಲೆ ಕರ್ಕ್ ಹ್ಯಾಮೆಟ್ ಕೈಸೇರಿದ ಆ ಗಿಟಾರಿನ ಗುರುತೇ ಅದು. ಅಯಸ್ಕಾಂತದಿಂದಲೇ ಬಂದ ನಾದವೆನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಅಲ್ಲಿ ಕೆಲಸ ಮಾಡಿದ್ದು ಲೋಹದ ನಂಬರಲ್ಲ, ದಿಕ್ಕು. ಅದು ಕೇಳಿಸುವುದೂ ಸ್ವಿಚ್ಚು ನಡುವಿನಲ್ಲಿದ್ದಾಗ ಮಾತ್ರ. ಆ ಕಾಲದ ಬೇರೆ ಲೆಸ್ ಪಾಲ್‌ಗಳಲ್ಲಿ ಇಲ್ಲದ ಈ ದನಿ ಕಾಲದ ದನಿಯಲ್ಲ, ಆ ಒಂದು ಗಿಟಾರಿನ ದನಿ.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಮೊದಲು ಎತ್ತರ ಇಳಿಸಿ ಕೇಳಿ, ಆಮೇಲೆ ಬೇರೆ ಉದ್ದದ ಕೇಬಲ್, ಆಮೇಲೆ ಗಿಟಾರಿನ ಟೋನ್ ಗುಂಡಿ, ಆಂಪ್ಲಿಫೈಯರಿನ ಸ್ಪೀಕರ್. ಪ್ರತಿ ಹೆಜ್ಜೆಗೂ ಅದೇ ತುಣುಕನ್ನು ಮುದ್ರಿಸಿಟ್ಟು, ಯಾವುದು ಯಾವುದೆಂದು ತಿಳಿಯದಂತೆ ಬೇರೆಯವರಿಂದ ಹಾಕಿಸಿ ಕೇಳಿ. ಅಷ್ಟಾದ ಮೇಲೂ ಕೊರತೆ ಕಂಡರೆ ಅಯಸ್ಕಾಂತ ಬದಲಿಸಿ. ಒಂದು ಎಚ್ಚರಿಕೆ: ಫೆಂಡರ್ ಬಗೆಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿನಲ್ಲಿ ಅಯಸ್ಕಾಂತದ ಕಡ್ಡಿಗಳ ಸುತ್ತಲೇ ವೈರು ಸುತ್ತಿರುತ್ತಾರೆ, ಅವನ್ನು ತಳ್ಳಿ ತೆಗೆಯಲು ಹೋದರೆ ಸುರುಳಿಯೇ ಹರಿದೀತು. ಹಂಬಕರ್‌ನಲ್ಲಿ ಬದಲಿಸುವವರೂ '1959 ಬೇಕು' ಎಂದು ಕೇಳುವ ಬದಲು 'ಪೆಟ್ಟು ಇಷ್ಟು ಮೆದುವಾಗಲಿ, ಮೇಲಿನ ಸ್ವರ ಇಷ್ಟು ತಗ್ಗಲಿ' ಎಂದು ಕೇಳಿಕೊಳ್ಳಲಿ. ಆ ಬೇಡಿಕೆ ಈಡೇರಿತೋ ಇಲ್ಲವೋ ಎಂದು ಕಿವಿ ಹೇಳಬಲ್ಲದು. ಇಸವಿ ಬಂತೋ ಇಲ್ಲವೋ ಎಂದು ಹೇಳಲು ಯಾರ ಕಿವಿಗೂ ಸಾಧ್ಯವಿಲ್ಲ.