ಹತ್ತೊಂಬತ್ತನೇ ಗೇಟಿನ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ಕಡಿದು, ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ದಿನಗಳವು. ನೂರೈದು ಟಿಎಂಸಿ ನೀರು ಒತ್ತುವಾಗ ಒಂದು ಗೇಟು ತಡೆದೀತೇ ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದ್ದೇ. ಆದರೆ ಆ ಗೇಟು ನೂರೈದು ಟಿಎಂಸಿಯ ಭಾರವನ್ನು ಯಾವತ್ತೂ ಹೊತ್ತಿರಲಿಲ್ಲ.

ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ನೀರು ಅಂಚಿನವರೆಗೆ ನಿಂತಾಗ ಅದರ ಮೇಲೆ ಬೀಳುವ ಒತ್ತನ್ನು ತಿಳಿಯಲು ಆಳವನ್ನು ಆಳದಿಂದಲೇ ಗುಣಿಸಿ, ಅಗಲದಿಂದಲೂ ನೀರಿನ ಸಾಂದ್ರತೆಯಿಂದಲೂ ಗುಣಿಸಿ ಅರ್ಧ ಮಾಡಿದರೆ ಸಾಕು. ಉತ್ತರ ಸುಮಾರು 340 ಟನ್. ಈ ಲೆಕ್ಕದಲ್ಲಿ ಆಳವಿದೆ, ಅಗಲವಿದೆ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಗೆ ಹರಡಿದ ಹಿನ್ನೀರು ಎಲ್ಲೂ ಇಲ್ಲ. 378 ಚದರ ಕಿಲೋಮೀಟರಿನ ಜಲಾಶಯವಿರಲಿ, ಗೇಟಿನ ಹಿಂದೆ ಅಷ್ಟೇ ಆಳದ ಒಂದು ತೊಟ್ಟಿಯಿರಲಿ, ನಿಂತ ನೀರಿನ ಒತ್ತು ಒಂದೇ. ಸೈಮನ್ ಸ್ಟೆವಿನ್ ಎಂಬ ಡಚ್ ಎಂಜಿನಿಯರ್ ಇದನ್ನು 1586ರಲ್ಲೇ ಬರೆದಿಟ್ಟ. ಇವತ್ತಿಗೂ ಮನಸ್ಸು ಒಪ್ಪುವುದಿಲ್ಲ, ಲೆಕ್ಕ ಒಪ್ಪಿಸುತ್ತದೆ.

ಭೌತವಿಜ್ಞಾನಕ್ಕೆ ಗಣಿತ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಈ ಸೀಮೆಗೆ ಬೇರೆ ಬೇಕಿಲ್ಲ. ‘ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ’ ಎಂಬ ವಾಕ್ಯ ಸುಳ್ಳಲ್ಲ. ಆದರೆ ಎಷ್ಟು ಹೆಚ್ಚುತ್ತದೆ, ಯಾವುದರಿಂದ ಹೆಚ್ಚುವುದಿಲ್ಲ ಎಂದು ಅದು ಹೇಳುವುದಿಲ್ಲ. ಸೂತ್ರ ಎರಡನ್ನೂ ಹೇಳುತ್ತದೆ. ಅದರಲ್ಲಿ ಇರುವ ಅಕ್ಷರಗಳಷ್ಟೇ ಇಲ್ಲದ ಅಕ್ಷರಗಳೂ ಮುಖ್ಯ.

ಗೇಟು ಹೋದ ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ಅಣೆಕಟ್ಟೆ ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿದರು. 60 ಅಡಿ ಅಗಲ, 4 ಅಡಿ ಎತ್ತರದ ಐದು ತುಂಡು. ಐದೂ ಒಂದೇ ಅಳತೆಯವು, ಆದರೆ ಹೊರುವ ಒತ್ತು ಒಂದೇ ಅಲ್ಲ. ನೀರು ಅಂಚಿನವರೆಗೆ ಬಂದಾಗ ಮೇಲಿನ ತುಂಡಿಗೆ ಒಂದು ಪಾಲು ಬಿದ್ದರೆ ಅದರ ಕೆಳಗಿನದಕ್ಕೆ ಮೂರು, ಆಮೇಲೆ ಐದು, ಏಳು, ತಳದ ತುಂಡಿಗೆ ಒಂಬತ್ತು. ಮೇಲೆ 14 ಟನ್ನಿಗೂ ಕಡಿಮೆ, ತಳದಲ್ಲಿ 120 ಟನ್ನಿಗೂ ಹೆಚ್ಚು.

ಈ ಒಂದು, ಮೂರು, ಐದು, ಏಳು, ಒಂಬತ್ತು ಇನ್ನೊಂದು ಕಡೆಯೂ ಇದೆ. ಆಳವಾದ ಬಾವಿಗೆ ಕಲ್ಲು ಬಿಟ್ಟರೆ ಮೊದಲ ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಇಳಿಯುತ್ತದೆ, ಎರಡನೆಯದರಲ್ಲಿ 15, ಮೂರನೆಯದರಲ್ಲಿ 25. ಬೀಳುವ ವಸ್ತುವಿನ ಈ ಬೆಸಸಂಖ್ಯೆಯ ನಿಯಮವನ್ನು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ವಿವರಿಸಿದ. ನಿಂತ ನೀರಿಗೂ ಬೀಳುವ ಕಲ್ಲಿಗೂ ಏನು ನಂಟು? ಕಣ್ಣಿಗೆ ಏನೂ ಇಲ್ಲ. ಒಂದರಲ್ಲಿ ಒತ್ತಡ ಆಳದ ಜೊತೆ ಸಮನಾಗಿ ಏರುತ್ತದೆ, ಇನ್ನೊಂದರಲ್ಲಿ ವೇಗ ಕಾಲದ ಜೊತೆ ಸಮನಾಗಿ ಏರುತ್ತದೆ. ಆ ಹೋಲಿಕೆ ಕಾಣುವುದು ಗಣಿತದಲ್ಲಿ ಮಾತ್ರ.

ಕೂಡ್ಲಿಗಿ, ಹರಪನಹಳ್ಳಿ ಕಡೆಯ ಗುಡ್ಡಗಳ ಗಾಳಿಯಂತ್ರಗಳ ಮಾತೂ ಹೀಗೆಯೇ. ಗಾಳಿ ಜೋರಾದರೆ ಕರೆಂಟು ಜಾಸ್ತಿ, ಸರಿ. ಗಾಳಿಯ ವೇಗ ಎರಡು ಪಟ್ಟಾದರೆ? ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಬೀಸುವ ಒಂದೊಂದು ಕಿಲೋ ಗಾಳಿಯ ಚಲನಶಕ್ತಿ ನಾಲ್ಕು ಪಟ್ಟು, ಅದೇ ಹೊತ್ತಿನಲ್ಲಿ ರೆಕ್ಕೆಗೆ ತಲುಪುವ ಗಾಳಿ ಎರಡು ಪಟ್ಟು. ನಾಲ್ಕು ಎರಡಲಿ ಎಂಟು. ಆಷಾಢದ ಗಾಳಿಗೂ ಉಳಿದ ತಿಂಗಳ ತಂಗಾಳಿಗೂ ಇರುವ ಅಂತರ ಇದು. ಗಾಳಿಯಲ್ಲಿರುವ ಶಕ್ತಿಯಲ್ಲಿ ಶೇ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿದ್ದೂ ಲೆಕ್ಕದಿಂದಲೇ.

2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ್ದನ್ನು ಈ ಭಾಗದವರು ಮರೆತಿಲ್ಲ. ಅಚ್ಚು ಮುರಿದದ್ದು ಕಾರಣವೆಂದು ಆಗ ವರದಿಯಾಗಿತ್ತು. ಅಚ್ಚು ಮುರಿದರೆ ತೇರು ವಾಲುತ್ತದೆ. ಎಷ್ಟು ವಾಲಿದರೆ ಉರುಳುತ್ತದೆ ಎಂಬ ಸೂತ್ರದಲ್ಲಿ ತೂಕ ಇಲ್ಲವೇ ಇಲ್ಲ. ಗಾಲಿಗಳ ನಡುವಿನ ಅಂತರದ ಅರ್ಧ, ಗುರುತ್ವಕೇಂದ್ರದ ಎತ್ತರ, ಇವೆರಡೇ. ತಳಕ್ಕೆ ಭಾರದ ಮರ, ಮೇಲಕ್ಕೆ ಹಗುರ ಬಿದಿರು, ಬಟ್ಟೆ ಎಂದು ತೇರು ಕಟ್ಟುವವರು ತಲೆಮಾರುಗಳಿಂದ ಕೈಯಲ್ಲಿ ಇಟ್ಟುಕೊಂಡ ತಿಳಿವಳಿಕೆಯನ್ನೇ ಸೂತ್ರ ಒಂದು ಗೆರೆಯಲ್ಲಿ ಹೇಳುತ್ತದೆ.

ಇಷ್ಟೆಲ್ಲ ಕಣ್ಣೆದುರಿಗಿದ್ದೂ ಪ್ರೌಢಶಾಲೆಯ ಮಕ್ಕಳು ಸೂತ್ರವನ್ನು ಎರಡು ಅಂಕದ ಪ್ರಶ್ನೆಗೆ ಉರು ಹೊಡೆಯುವುದು ನೋವಿನ ಸಂಗತಿ. ಕನ್ನಡ ಮಾಧ್ಯಮದ ಮಗುವಿಗೆ ಅದು ಇಂಗ್ಲಿಷ್ ಅಕ್ಷರಗಳ ಮಂತ್ರವಾಗಿಯೇ ಉಳಿದುಬಿಡುತ್ತದೆ. ಹಾಗಾಗಬೇಕಿಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ. ಸೂತ್ರವನ್ನು ಬರೆಸುವ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಓದಿಸಬೇಕು. ಯಾವುದು ಇದೆ, ಯಾವುದು ಇಲ್ಲ, ಏಕೆ ಇಲ್ಲ ಎಂದು ಕೇಳಬೇಕು.

ಗಣಿತ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದಲ್ಲ. ನೀರಿನ ಒತ್ತನ್ನು ಎರಡು ಬದಿಯ ಕಂಬಗಳು ತಡೆಯುತ್ತವೆ. ಗೇಟನ್ನು ಎತ್ತಿ ಹಿಡಿಯುವುದು ಚೈನು. 340 ಟನ್ನಿನ ಲೆಕ್ಕ ಅಣೆಕಟ್ಟೆ ಮುಗಿದ 1953ರಲ್ಲೂ ಇಷ್ಟೇ ಇತ್ತು, ಇವತ್ತೂ ಇಷ್ಟೇ. ಚೈನು ಹಾಗಲ್ಲ. ಅದರ ಕೊಂಡಿ ಸವೆದದ್ದನ್ನು ಹತ್ತಿ ನೋಡುವ ಮನುಷ್ಯನೇ ಬೇಕು.

ಶಾಲೆಗಳು ಮಕ್ಕಳನ್ನು ಅಣೆಕಟ್ಟೆಗೆ ಪ್ರವಾಸ ಕರೆದೊಯ್ಯುವುದು ಹೊಸದಲ್ಲ. ಈ ಸಲ ಬುತ್ತಿಯ ಜೊತೆ ನೋಟ್‌ಬುಕ್ಕೂ ಇರಲಿ. ಐದು ತುಂಡುಗಳ ತಳದ ಆಳಗಳಾದ 4, 8, 12, 16, 20ರ ವರ್ಗ ಬರೆದು, ಮೊದಲನೆಯದನ್ನು ಹಾಗೆಯೇ ಇಟ್ಟು, ಉಳಿದ ಒಂದೊಂದರಿಂದ ಅದರ ಹಿಂದಿನದನ್ನು ಕಳೆದು, ಬಂದದ್ದನ್ನೆಲ್ಲ 16ರಿಂದ ಭಾಗಿಸಲಿ. ಮರಳಿ ಬರುವಾಗ ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದ ಬಳಿ ಇಳಿದು, ಅಲ್ಲಿನ ಗೇಟಿನ ಅಳತೆ ಕೇಳಿ, ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಲಿ.