ಕಡ್ಡಿ ಬಿದಿರಿನದಾದರೆ ಕಿವಿಗೇನು ಬಂತು?

2022ರ ಜುಲೈ 1ರಿಂದ ಈ ದೇಶದಲ್ಲಿ ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್ಸ್ ಮಾರುವಂತಿಲ್ಲ. ಐಸ್‌ಕ್ರೀಮ್ ಕಡ್ಡಿ, ಬಲೂನಿನ ಕಡ್ಡಿ, ಅಲಂಕಾರದ ಥರ್ಮಾಕೋಲ್ ಜೊತೆ ಅದೂ ನಿಷೇಧದ ಪಟ್ಟಿಗೆ ಸೇರಿತು. ಸರಿ, ಆಮೇಲೇನಾಯಿತು? ಅದೇ ಹತ್ತಿ, ಅದೇ ಡಬ್ಬಿ, ಅದೇ ಕಿವಿ. ಕಡ್ಡಿ ಮಾತ್ರ ಬಿದಿರಿನದೋ ಕಾಗದದ್ದೋ ಆಯಿತು. ಡಬ್ಬಿಯ ಮೇಲೊಂದು ಹಸಿರು ಎಲೆ ಚಿಗುರಿತು. ಪರಿಸರ ಉಳಿಯಿತೆಂದು ಎಲ್ಲರೂ ಬೆನ್ನು ತಟ್ಟಿಕೊಂಡರು.

ವಾರಾಂತ್ಯಕ್ಕೆ ಸ್ಕಂದಗಿರಿ ಹತ್ತಲು ಬರುವ ಬೆಂಗಳೂರಿನ ಮಂದಿಗೆ ಇದು ಬಹಳ ಹಿಡಿಸಿದೆ. ಬಾಯಲ್ಲಿ ಪ್ಲಾಸ್ಟಿಕ್ ವಿರುದ್ಧ ಭಾಷಣ, ಬೆನ್ನಿನ ಚೀಲದಲ್ಲಿ ಬಿದಿರಿನ ಬಡ್ಸ್. ನಮ್ಮ ಕಳವಾರ ಬೆಟ್ಟ ಚೊಕ್ಕಟವಾಗಿರಲಿ, ಯಾರು ಬೇಡವೆಂದರು? (ಅದನ್ನು ಸ್ಕಂದಗಿರಿ ಎಂದು ಕರೆಯುವವರು ಹೆಚ್ಚಾಗಿ ಹೊರಗಿನವರೇ.) ಆದರೆ ಬೆಟ್ಟದ ಮೇಲೆ ಇಷ್ಟು ಕರುಣೆ ಇರುವವರಿಗೆ ತಮ್ಮದೇ ಕಿವಿಯ ಮೇಲೇಕೆ ಈ ದ್ವೇಷ?

ಕಿವಿಯ ಕೊಳವೆ ಇರುವುದೇ ಸುಮಾರು ಎರಡೂವರೆ ಸೆಂಟಿಮೀಟರ್. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ಚರ್ಮ ತಾನಾಗಿಯೇ ಹೊರಮುಖವಾಗಿ ಸರಿಯುತ್ತಿರುತ್ತದೆ. ನಾವು ಮುದ್ದೆ ನುಂಗಲಿ, ಕಡಲೆಕಾಯಿ ಅಗಿಯಲಿ, ಹರಟೆ ಹೊಡೆಯಲಿ, ದವಡೆ ಅಲುಗಿದಾಗಲೆಲ್ಲ ಗುಗ್ಗೆ ಸಡಿಲಗೊಂಡು ಅಷ್ಟಷ್ಟಾಗಿ ಹೊರಗೆ ಬರುತ್ತದೆ. ಅದು ಕೊಳಕಲ್ಲ. ದೂಳು ಹಿಡಿಯುತ್ತದೆ, ಚರ್ಮ ಒಣಗದಂತೆ ಕಾಯುತ್ತದೆ, ತನ್ನ ಹುಳಿಗುಣದಿಂದ ಸೋಂಕನ್ನು ದೂರವಿಡುತ್ತದೆ. ಇಂಥದ್ದನ್ನು ತೆಗೆಯಲು ಹೋದ ಮಹಾಶಯ ಹತ್ತಿಯ ತುದಿಗೆ ಅಂಟಿದ ಹಳದಿ ನೋಡಿ ಹಿಗ್ಗುತ್ತಾನೆ. ನಾಡ ಬಂದೂಕಿಗೆ ಮದ್ದು ಜಡಿದ ಹಾಗೆ ಉಳಿದದ್ದನ್ನೆಲ್ಲ ಕಿವಿ ತಮಟೆಯ ಬುಡಕ್ಕೆ ಜಡಿದು ಬಂದದ್ದು ಅವನ ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಟ್ಟಲೆ ಜಡಿದ ಮೇಲೆ ಕಿವಿ ಮುಚ್ಚುತ್ತದೆ. ಆಗ ಇನ್ನೊಂದು ಡಬ್ಬಿ ತರುತ್ತಾನೆ.

ಒಂದು ಅಂಕಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಶೇ 15.9. ಕೇಂದ್ರದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದ ದಾಖಲೆಗಳೇ ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಯಿಂದ ಎತ್ತಿ ಹೇಳುವ ಅಂಕಿ ಇದು. ಸರಿಪಡಿಸಬಹುದಾದ ಕಿವುಡಿಗೆ ನಮ್ಮಲ್ಲಿ ಮೊದಲ ಕಾರಣ ಗುಗ್ಗೆ, ಈ ಶೇ 15.9 ಅದರ ಪಾಲು. ವಯಸ್ಸಾಗಿ ಕಿವಿ ಮಂದವಾಗುವವರ ಪಾಲು ಶೇ 10.3, ಕಿವಿ ಸೋರುವವರ ಪಾಲು ಅದಕ್ಕೂ ಕಡಿಮೆ. ಅಮೆರಿಕದಲ್ಲಿ 1990ರಿಂದ 2010ರವರೆಗೆ ಎರಡು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಈ ಹತ್ತಿಕಡ್ಡಿಯಿಂದ ಕಿವಿ ಗಾಯ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದರೆಂಬ ಲೆಕ್ಕ 2017ರಲ್ಲಿ ಹೊರಬಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಸರ್ಕಾರ ನಿಷೇಧಿಸಿದ್ದು ಏನನ್ನು? ಕಡ್ಡಿಯ ಪ್ಲಾಸ್ಟಿಕ್ಕನ್ನು!

ಕಂಪನಿಗಳಿಗೂ ಸತ್ಯ ಗೊತ್ತಿದೆ. ಕಿವಿಯ ಕೊಳವೆಯೊಳಗೆ ಹಾಕಬೇಡಿ ಎಂದು ಎಷ್ಟೋ ಡಬ್ಬಿಗಳ ಮೇಲೆ ಅವರೇ ಅಚ್ಚು ಹಾಕಿರುತ್ತಾರೆ. ಇರುವೆಗಾತ್ರದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಮನೆಗೆ ಹೊರಟ ರೈತ ಅದನ್ನು ಭೂತಗನ್ನಡಿ ಹಿಡಿದು ಓದಿಕೊಳ್ಳಬೇಕೇನೋ. ಕಿವಿಗೆ ಹಾಕಬಾರದ ವಸ್ತುವಿಗೆ ಇಯರ್ ಬಡ್ಸ್ ಎಂದು ಹೆಸರಿಟ್ಟು ಮಾರುವುದಕ್ಕೆ ಮೋಸ ಎನ್ನದೆ ಇನ್ನೇನು ಹೇಳೋಣ?

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗ್ರಹಚಾರವೇ ಇಷ್ಟು, ಯಾವುದೂ ಪೂರ್ತಿಯಾಗಿ ದಕ್ಕುವುದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡೇ ಹಂತ ಶುದ್ಧ ಮಾಡಿ ಎಚ್‌.ಎನ್‌. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯೆಂದು ನಮ್ಮ ಕೆರೆಗಳಿಗೆ ತುಂಬಿಸಿದರು. ಮೂರನೇ ಹಂತವನ್ನೂ ಮಾಡಿ ಕೊಡಿ ಎಂದು ನೀರಾವರಿ ಹೋರಾಟಗಾರರು ಗಂಟಲು ಹರಿದುಕೊಂಡದ್ದೇ ಬಂತು. ಇನ್ನು ಆರೋಗ್ಯದ ಮಾತು. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳನ್ನು ತೆಗೆದು ನೋಡಿ. ಸಮುದಾಯ ಆರೋಗ್ಯ ಕೇಂದ್ರಕ್ಕೆ ಸರ್ಜನ್, ಫಿಜಿಷಿಯನ್, ಹೆರಿಗೆ, ಮಕ್ಕಳ ತಜ್ಞರೆಲ್ಲ ಬೇಕೆಂದು ಬರೆದವರು ಕಿವಿ-ಮೂಗು-ಗಂಟಲಿನ ಡಾಕ್ಟರನ್ನು ಮರೆತೇಬಿಟ್ಟರು. ಗೌರಿಬಿದನೂರಿನಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದವರ ಭೂಕಂಪ ಮಾಪನ ಕೇಂದ್ರವಿದೆ. ಸಾವಿರಾರು ಕಿಲೋಮೀಟರ್ ಆಚೆ ನೆಲದಡಿ ಅಣುಬಾಂಬು ಸಿಡಿದರೆ ಅದಕ್ಕೆ ತಿಳಿಯುತ್ತದೆ. ಅದೇ ತಾಲ್ಲೂಕಿನ ಅಜ್ಜನಿಗೆ ಪಕ್ಕದಲ್ಲಿ ನಿಂತು ಸೊಸೆ ಊಟಕ್ಕೆ ಕರೆದದ್ದು ತಿಳಿಯದಿದ್ದರೆ, ವಯಸ್ಸಾಯಿತು ಬಿಡಿ ಎನ್ನುತ್ತಾರೆ. ವಯಸ್ಸಲ್ಲ ಸ್ವಾಮಿ, ಗುಗ್ಗೆ ಇರಬಹುದು. ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಶೇ 15.9!

ಡಾಕ್ಟರಿಲ್ಲದ ಜಾಗವನ್ನು ರೀಲ್ಸ್ ಪಂಡಿತರು ತುಂಬಿದ್ದಾರೆ. ಒಬ್ಬ ಕಿವಿಗೆ ಮೇಣದ ಕೊಳವೆ ಸಿಕ್ಕಿಸಿ ಬೆಂಕಿ ಹಚ್ಚುತ್ತಾನೆ, ಗುಗ್ಗೆಯೆಲ್ಲ ಎಳೆದುಕೊಂಡು ಬಂತು ಎಂದು ತೋರಿಸುತ್ತಾನೆ. 1996ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ: ಅದು ಏನನ್ನೂ ಎಳೆಯುವುದಿಲ್ಲ, ಹೊರಬಂದಂತೆ ಕಾಣುವುದು ಆ ಕೊಳವೆಯದೇ ಮೇಣ. ಇನ್ನೊಬ್ಬ ಮೊಬೈಲಿಗೆ ಕ್ಯಾಮೆರಾ ಕಡ್ಡಿ ಜೋಡಿಸಿ ತನ್ನ ತಮಟೆಯನ್ನು ಊರಿಗೆಲ್ಲ ತೋರಿಸುತ್ತಾ ಕೆರೆಯುತ್ತಾನೆ. ಮತ್ತೊಬ್ಬಾಕೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬಿಸಿಬಿಸಿಯಾಗಿಯೇ ಸುರಿಯಿರಿ ಎನ್ನುತ್ತಾಳೆ. ಹಳೆಯ ಪಿನ್ನು, ಬೆಂಕಿಕಡ್ಡಿ, ಗಾಡಿ ಕೀಲಿಕೈಗಳ ಪರಂಪರೆ ಹೇಗೂ ಇದೆ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ಮಾಡಿದವರು ಅವರು. ಹೊಸೂರಿನ ಆ ಮೇಷ್ಟ್ರ ನಾಡಿನಲ್ಲಿ ಮೊಬೈಲು ಹೇಳಿದ್ದೇ ವೇದವಾಗಿದೆ.

ಹಾಗಾದರೆ ಮನೆಯಲ್ಲಿ ಏನೂ ಮಾಡುವಂತಿಲ್ಲವೇ? ಮಾಡಬಹುದು. ಕಿವಿ ಮುಚ್ಚಿದಂತಿಲ್ಲ, ನೋವಿಲ್ಲ, ಚೆನ್ನಾಗಿ ಕೇಳುತ್ತದೆ ಎಂದರೆ ಮುಟ್ಟಲೇಬೇಡಿ. ಕಟ್ಟಿಕೊಂಡಿದೆ ಅನಿಸಿದರೆ ಮೈ ಬೆಚ್ಚಗಿರುವಷ್ಟೇ ಬೆಚ್ಚಗಿನ ಕೊಬ್ಬರಿ ಎಣ್ಣೆ ಎರಡು ಮೂರು ಹನಿ ಬಿಟ್ಟು, ಮಗ್ಗುಲಾಗಿ ಐದು ನಿಮಿಷ ಮಲಗಿ. ಮೆಡಿಕಲ್ ಸ್ಟೋರಿನ ಗುಗ್ಗೆ ಕರಗಿಸುವ ಡ್ರಾಪ್ಸ್ ಆದರೂ ಸರಿಯೇ. ಮೂರರಿಂದ ಐದು ದಿನ ಸಾಕು. ಹೊರಗೆ ಇಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ವಾರವಾರ ಎಣ್ಣೆ ಸುರಿಯುವುದು ಬೇಡ, ಒದ್ದೆ ಕಿವಿಯಲ್ಲಿ ಬೂಸ್ಟು ಬೆಳೆಯುತ್ತದೆ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ, ಕಿವಿಗೆ ಆಪರೇಷನ್ ಆಗಿದ್ದರೆ ಒಂದು ಹನಿಯೂ ಬೇಡ. ಸಕ್ಕರೆ ಕಾಯಿಲೆಯವರು ಕೆರೆದು ಗಾಯ ಮಾಡಿಕೊಂಡರೆ ಸೋಂಕು ಮೂಳೆಗೇ ಇಳಿಯಬಹುದು, ಅವರು ನೇರ ಡಾಕ್ಟರ ಬಳಿ ಹೋಗಲಿ. ತಲೆ ತಿರುಗಿದರೆ, ಕಿವಿ ಏಕಾಏಕಿ ಕೇಳದಾದರೆ ಯಾರೂ ಕಾಯಬಾರದು.

ಇಷ್ಟನ್ನು ಹೇಳಿಕೊಡಲು ಒಬ್ಬ ಆಶಾ ಕಾರ್ಯಕರ್ತೆ ಸಾಕು. ಕಿವಿಯೊಳಗೆ ಇಣುಕಲು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಆಟೋಸ್ಕೋಪ್, ಔಷಧ ಕಪಾಟಿನಲ್ಲಿ ನಾಲ್ಕು ಬಾಟಲಿ ಡ್ರಾಪ್ಸ್ ಇಡಲು ಖಜಾನೆಯೇನೂ ಬರಿದಾಗದು. ಸಿಗರೇಟು ಪ್ಯಾಕಿನ ಮೇಲಿರುವಂತೆ ಬಡ್ಸ್ ಡಬ್ಬಿಯ ಮೇಲೂ ದಪ್ಪ ಕನ್ನಡದಲ್ಲಿ ಎಚ್ಚರಿಕೆ ಹಾಕಿಸಿ. ಅದಾಗುವವರೆಗೆ ಓದುಗರೇ, ಮನೆಯಲ್ಲಿರುವ ಆ ಬಿದಿರಿನ ಬಡ್ಸ್‌ಗಳನ್ನು ಹೊಲಿಗೆ ಯಂತ್ರದ ಸಂದು ಒರೆಸಲು ಇಟ್ಟುಕೊಳ್ಳಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ.